ಅಪ್ಪ ಬದಲಾದರಾ, ಸುದ್ದಿ ಬದಲಾಯಿತಾ?

ಪ್ರಶ್ನೆ: ನನಗೆ 34 ವರ್ಷ. ಊರು ಅರಸೀಕೆರೆ ಹತ್ತಿರ, ಕೆಲಸ ಬೆಂಗಳೂರಲ್ಲಿ. 2025ರ ಜೂನ್‌ನಲ್ಲಿ ಹಾಸನದ ಹೃದಯಾಘಾತದ ಸುದ್ದಿ ಶುರುವಾದಾಗಿನಿಂದ ಅಪ್ಪ ಬೇರೆಯೇ ಮನುಷ್ಯ ಆಗಿಬಿಟ್ಟಿದ್ದಾರೆ. ಎದ್ದರೆ ಟಿವಿ, ಕೈಯಲ್ಲಿ ಫೋನ್. ಒಂದೋ ಹೆದರಿಕೆ, ಇಲ್ಲಾಂದ್ರೆ ಯಾರ ಮೇಲೋ ಸಿಟ್ಟು. ಮೊದಲು ಬೆಳಗ್ಗೆ ಪೇಪರ್ ಓದಿ, ಮಡಚಿಟ್ಟು ತೋಟಕ್ಕೆ ಹೋಗುತ್ತಿದ್ದವರು. ಜನ ಬದಲಾದರಾ, ಮೀಡಿಯಾ ಬದಲಾಯಿತಾ? ಇಷ್ಟು ವರ್ಷ ಪತ್ರಿಕೆಯಲ್ಲಿ ಕೆಲಸ ಮಾಡಿದವರು, ನೀವೇ ಹೇಳಿ.

ಉತ್ತರ: ಪೇಪರ್ ಮಡಚಿಟ್ಟು ತೋಟಕ್ಕೆ ಹೋಗುತ್ತಿದ್ದರು ಅಂತ ಬರೆದಿದ್ದೀರಲ್ಲ, ಅರ್ಧ ಉತ್ತರ ಅಲ್ಲೇ ಇದೆ. ಪೇಪರನ್ನು ಮಡಚಬಹುದಿತ್ತು. ಅದಕ್ಕೊಂದು ಕೊನೇ ಪುಟ ಇತ್ತು. ಕ್ರಿಕೆಟ್ ಸ್ಕೋರ್ ನೋಡಿದರೆ ಆ ದಿನದ ಲೋಕ ಮುಗೀತು, ಇನ್ನೇನೇ ಆಗಿದ್ದರೂ ನಾಳೆ ಬೆಳಗ್ಗೆ. ಈಗ ಅಪ್ಪನ ಕೈಯಲ್ಲಿರುವುದಕ್ಕೆ ಕೊನೇ ಪುಟವೇ ಇಲ್ಲ.

ಉಳಿದರ್ಧ ಸ್ವಲ್ಪ ಉದ್ದ ಇದೆ.

ಹಿಂದೆ ಜನ ತಣ್ಣಗಿದ್ದರು, ಈ ಮೊಬೈಲ್ ಬಂದು ಹಾಳಾದರು ಅನ್ನುವುದು ನನ್ನ ವಯಸ್ಸಿನವರು ಸಂಜೆ ಪಾರ್ಕಿನಲ್ಲಿ ಕೂತು ಹೇಳುವ ಮಾತು. ನಂಬಬೇಡಿ. ತೊಂಬತ್ತರ ದಶಕದಲ್ಲಿ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆದಿದ್ದು ನೆನಪಿದೆಯಾ ಅಂತ ನಿಮ್ಮ ಅಮ್ಮನನ್ನೇ ಒಮ್ಮೆ ಕೇಳಿ. ರಾತ್ರಿ ದೆವ್ವ ಬಂದು ಬಾಗಿಲು ತಟ್ಟುತ್ತದೆ, ಮನೆಯವರದ್ದೇ ದನಿಯಲ್ಲಿ ಹೆಸರು ಹಿಡಿದು ಕರೆಯುತ್ತದೆ, ಓಗೊಟ್ಟು ಬಾಗಿಲು ತೆಗೆದರೆ ಕಥೆ ಮುಗೀತು. ಅದಕ್ಕೇ ಸೀಮೆಸುಣ್ಣದಲ್ಲೋ ಇದ್ದಿಲಿನಲ್ಲೋ 'ನಾಳೆ ಬಾ'. ದೆವ್ವ ಓದಿಕೊಂಡು ವಾಪಸ್ ಹೋಗುತ್ತದೆ, ಮರುದಿನ ಬಂದರೆ ಮತ್ತೆ ಅದೇ ಬರಹ. ಕನ್ನಡ ಓದಲು ಬರುವ, ಬರೆದದ್ದನ್ನು ಅಕ್ಷರಶಃ ನಂಬುವ ದೆವ್ವ ನೋಡಿ, ನಮಗಿಂತ ಒಳ್ಳೇ ಓದುಗ! ಯಾವ ಪೇಪರೂ ಹಾಗೆ ಬರೆಯಿರಿ ಅಂತ ಹೇಳಿರಲಿಲ್ಲ. ಸಂತೆಯಲ್ಲಿ, ಬಸ್ಸಿನಲ್ಲಿ, ಮದುವೆ ಮನೆಯಲ್ಲಿ ಬಾಯಿಂದ ಬಾಯಿಗೆ ಹೋಗಿ ಊರೂರಿಗೆ ಹಬ್ಬಿತು. ಭಯ ಆಗಲೂ ಇತ್ತು, ಅದು ಬಸ್ಸು ಹತ್ತಿ ಬರಬೇಕಿತ್ತು ಅಷ್ಟೇ.

ಆಮೇಲೆ ಅದು ಫೋನ್ ಹತ್ತಿ ಬಂದದ್ದನ್ನು ನಾನು ಕಣ್ಣಾರೆ ನೋಡಿದೆ. 1995ರ ಸೆಪ್ಟೆಂಬರ್ 21, ಗುರುವಾರ. ಆಗ ಬೆಂಗಳೂರಿನ ಒಂದು ಪತ್ರಿಕೆಯ ಡೆಸ್ಕ್‌ನಲ್ಲಿ ಉಪಸಂಪಾದಕನಾಗಿದ್ದೆ. ದೆಹಲಿಯಲ್ಲಿ ಬೆಳಗಿನ ಜಾವ ಗಣೇಶನ ವಿಗ್ರಹ ಹಾಲು ಕುಡಿಯಿತು ಅಂತ ಸುದ್ದಿ. ಮಧ್ಯಾಹ್ನದ ಹೊತ್ತಿಗೆ ದೇಶದ ತುಂಬಾ ದೇವಸ್ಥಾನಗಳ ಮುಂದೆ ಚಮಚ, ಲೋಟ ಹಿಡಿದು ಸಾಲು. ಹಬ್ಬಿಸಿದ್ದು ಹಳದಿ ಬೋರ್ಡಿನ ಎಸ್‌ಟಿಡಿ ಬೂತ್‌ಗಳು, ದುಡ್ಡು ಕೊಟ್ಟು ದೂರದ ಊರಿಗೆ ಫೋನ್ ಮಾಡುವ ಅಂಗಡಿಗಳು. ಪುಣೆಯ ಅಕ್ಕ ದಾವಣಗೆರೆಯ ತಂಗಿಗೆ, ತಂಗಿ ಮೈಸೂರಿನ ನಾದಿನಿಗೆ. ನನ್ನ ಅತ್ತೆ ಸೀದಾ ಆಫೀಸಿಗೇ ಫೋನ್ ಮಾಡಿದರು: "ನಿಮ್ಮ ಪೇಪರ್‌ನವರು ಏನಂತಾರೆ?" ನಾನಂದೆ, ಪೇಪರ್ ನಾಳೆ ಬೆಳಗ್ಗೆ ಹೇಳುತ್ತೆ. "ಅಷ್ಟೊತ್ತಿಗೆ ದೇವರಿಗೆ ಹೊಟ್ಟೆ ತುಂಬಿರುತ್ತೆ" ಅಂತ ಫೋನ್ ಇಟ್ಟು ದೇವಸ್ಥಾನಕ್ಕೆ ಹೋದರು.

ಸಂಜೆಯಷ್ಟರಲ್ಲಿ ದೆಹಲಿಯ ವಿಜ್ಞಾನಿಗಳು ಹಾಲಿಗೆ ಬಣ್ಣ ಬೆರೆಸಿ ತೋರಿಸಿದ್ದರು. ಚಮಚದ ಅಂಚು ಕಲ್ಲಿಗೆ ತಾಗಿದಾಗ ಮೇಲ್ಮೈ ಸೆಳೆತದಿಂದ ಹಾಲು ಹೊರಗೆ ಬರುತ್ತದೆ, ತೆಳ್ಳಗೆ ಪದರವಾಗಿ ವಿಗ್ರಹದ ಮೈಮೇಲೆ ಇಳಿದು ಹೋಗುತ್ತದೆ. ಬಿಳಿ ಕಲ್ಲಿನ ಮೇಲೆ ಬಿಳಿ ಹಾಲು ಕಾಣಿಸುವುದಿಲ್ಲ, ಬಣ್ಣದ ಹಾಲು ಕಾಣಿಸುತ್ತದೆ. ಆ ಸುದ್ದಿ ಟೆಲಿಪ್ರಿಂಟರ್‌ನಲ್ಲಿ ಕಟಕಟ ಅಂತ ಬಂದಾಗ ಪುಟ ಇನ್ನೂ ಕಟ್ಟಿರಲಿಲ್ಲ. ಹಾಗಾಗಿ ಮರುದಿನ ಬೆಳಗ್ಗೆ ಪವಾಡವೂ ಅದರ ವಿವರಣೆಯೂ ಒಂದೇ ಪುಟದಲ್ಲಿ ಅಕ್ಕಪಕ್ಕ ಬಂದವು. ನಾವೇನೂ ಮಹಾ ಬುದ್ಧಿವಂತರಾಗಿರಲಿಲ್ಲ, ನಮಗೆ ಒಂದು ರಾತ್ರಿ ಸಿಕ್ಕಿತ್ತು.

ಈ ರಾತ್ರಿಯ ವಿಷಯ ಸ್ವಲ್ಪ ಜಾಸ್ತಿ ಹೇಳಬೇಕು. ದೂರದ ಜಿಲ್ಲೆಗಳಿಗೆ ಹೋಗುವ ಡಾಕ್ ಎಡಿಶನ್ ರಾತ್ರಿ ಬೇಗ ಮುಗಿಯುತ್ತಿತ್ತು, ಊರಿನ ಎಡಿಶನ್ ತಡವಾಗಿ. ನಡುವೆ ತಾಲ್ಲೂಕುಗಳಿಂದ ಸ್ಟ್ರಿಂಗರ್‌ಗಳ, ಅಂದರೆ ಅರೆಕಾಲಿಕ ವರದಿಗಾರರ ಫೋನ್. ಕಿರುಚಿ ಹೇಳಬೇಕು, ಕಿರುಚಿ ಕೇಳಬೇಕು, ಲೈನ್ ಹಾಗಿರುತ್ತಿತ್ತು. ನನ್ನ ಮೇಜಿನ ಮೇಲೆ ಮರದ ತುಂಡಿಗೆ ನಿಲ್ಲಿಸಿದ ಒಂದು ಉದ್ದ ಮೊಳೆ ಇತ್ತು. ಬಳಸದ ಕಾಪಿಯನ್ನೆಲ್ಲ, ಅಂದರೆ ಸುದ್ದಿ ಬರೆದ ಕಾಗದವನ್ನೆಲ್ಲ ಅದಕ್ಕೆ ಚುಚ್ಚುವುದು. "ಎಸ್ಪಿ ಕೇಳಿದ್ರಾ? ಡಾಕ್ಟ್ರು ಏನಂದ್ರು? ಯಾರು ನೋಡಿದ್ದು?" ಅಂತ ಮೂರು ಪ್ರಶ್ನೆ ಕೇಳಿದರೆ ಅರ್ಧ ಸುದ್ದಿಗಳು ಆ ಮೊಳೆಗೆ ಹೋಗುತ್ತಿದ್ದವು. ಎರಡು ತಲೆಯ ಕರು, ಬಾವಿಯಲ್ಲಿ ವಿಷ, ಅಣೆಕಟ್ಟು ಬಿರುಕು. ರಾತ್ರಿ ಹನ್ನೊಂದಕ್ಕೆ ಮೊಳೆಯ ತುಂಬಾ ಕಾಗದ. ಆವತ್ತು ಊರು ಹೆದರಬಹುದಾಗಿದ್ದ ಸಂಗತಿಗಳೆಲ್ಲ ಅಲ್ಲಿ ಸುಮ್ನೆ ತೂಗಾಡುತ್ತಿದ್ದವು.

ಇದನ್ನು ಓದಿ, ಆಹಾ ಆ ಕಾಲವೇ ಚೆನ್ನಾಗಿತ್ತು ಅನ್ನಬೇಡಿ. ಅದೇ ಮೊಳೆಗೆ ನಾನು ಒಂದು ನಿಜವನ್ನೂ ಚುಚ್ಚಿದ್ದೇನೆ. ಒಬ್ಬ ಸ್ಟ್ರಿಂಗರ್ ಫೋನ್ ಮಾಡಿ, ಒಂದು ಹಳ್ಳಿಯ ಕೇರಿಯಲ್ಲಿ ವಾಂತಿಭೇದಿ, ಬೋರ್‌ವೆಲ್ ಕೆಟ್ಟು ಜನ ಕಟ್ಟೆ ನೀರು ಕುಡಿಯುತ್ತಿದ್ದಾರೆ, ಇಬ್ಬರು ಹೋಗಿದ್ದಾರೆ ಅಂದ. ಆಫೀಸರನ್ನು ಕೇಳಿದರೆ ಅಂಥದ್ದೇನೂ ಇಲ್ಲ ಅಂದರು. ನಾನು ಆಫೀಸರ ಮಾತು ನಂಬಿದೆ, ಆ ಹುಡುಗನದ್ದಲ್ಲ. ನಾಲ್ಕು ದಿನ ಬಿಟ್ಟು ಬೇರೆ ಪತ್ರಿಕೆಯಲ್ಲಿ ಬಂತು, ಅಷ್ಟೊತ್ತಿಗೆ ಸತ್ತವರು ಐದು ಜನ. ಇವತ್ತಾಗಿದ್ದರೆ ಆ ಕೇರಿಯ ಹುಡುಗಿಯೊಬ್ಬಳು ಆ ಕಟ್ಟೆ ನೀರಿನ ವಿಡಿಯೊ ತೆಗೆದು, ಜಿಲ್ಲಾಧಿಕಾರಿಗೆ ಟ್ಯಾಗ್ ಮಾಡಿ, ಸಂಜೆಯೊಳಗೆ ಟ್ಯಾಂಕರ್ ತರಿಸಿರುತ್ತಿದ್ದಳು. ಇಂಟರ್ನೆಟ್ ಬಗ್ಗೆ ಯಾರಾದರೂ ನನ್ನ ಎದುರು ಜೋರಾಗಿ ಬೈಯಲು ಶುರು ಮಾಡಿದರೆ ನನಗೆ ಆ ಐದು ಜನ ನೆನಪಾಗುತ್ತಾರೆ. ನಾನೂ ಬೈಯುತ್ತೇನೆ, ಆದರೆ ಸ್ವಲ್ಪ ಮೆತ್ತಗೆ.

ಸರಿ, ಹಾಗಾದರೆ ಬದಲಾಗಿದ್ದೇನು?

ಮೊದಲು ಆ ರಾತ್ರಿ ಹೋಯಿತು. 2012ರ ಆಗಸ್ಟ್ ನೆನಪಿದೆಯಾ? ಆಗ ನಿಮಗೆ ಇಪ್ಪತ್ತರ ಆಸುಪಾಸು. ಅಸ್ಸಾಮಿನ ಕೊಕ್ರಾಝಾರ್ ಕಡೆ ಗಲಭೆ ಆಗಿತ್ತು. ಈಶಾನ್ಯದವರ ಮೇಲೆ ಬೆಂಗಳೂರಲ್ಲಿ ದಾಳಿ ಆಗುತ್ತದೆ ಅಂತ ಎಸ್‌ಎಂಎಸ್‌ಗಳು ಹಬ್ಬಿದವು. ಸ್ವಾತಂತ್ರ್ಯ ದಿನದ ಆಜೂಬಾಜು ಸಾವಿರಾರು ಹುಡುಗ ಹುಡುಗಿಯರು ಬ್ಯಾಗ್ ಹಿಡಿದು ಸಿಟಿ ಸ್ಟೇಷನ್ನಿಗೆ ಬಂದರು, ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ಪೊಲೀಸರು, ಮಂತ್ರಿಗಳು ಪ್ಲಾಟ್‌ಫಾರಂಗೇ ಹೋಗಿ ಏನೂ ಆಗಲ್ಲ, ಹೋಗಬೇಡಿ ಅಂದರು. ಮಾಮೂಲಿ ಎಸ್‌ಎಂಎಸ್, ಇನ್ನೂ ಬಣ್ಣದ ವಿಡಿಯೊ ಕೂಡ ಅಲ್ಲ. ಕೊನೆಗೆ ಕೇಂದ್ರ ಸರ್ಕಾರ 15 ದಿನ ಬಲ್ಕ್ ಎಸ್‌ಎಂಎಸ್ ನಿಲ್ಲಿಸಿ, ಒಬ್ಬರು ದಿನಕ್ಕೆ ಐದೇ ಮೆಸೇಜ್ ಕಳಿಸಬಹುದು ಅಂತ ಮಿತಿ ಹಾಕಿತು. ನಮ್ಮ ಪತ್ರಿಕೆಯಲ್ಲಿ ಮರುದಿನ 'ವದಂತಿ ನಂಬಬೇಡಿ' ಅಂತ ದೊಡ್ಡ ಹೆಡ್ಡಿಂಗ್ ಇತ್ತು. ಓದಬೇಕಾದವರು ಅಷ್ಟು ಹೊತ್ತಿಗೆ ಆಂಧ್ರ ದಾಟಿದ್ದರು.

2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಬಂತು, ಡೇಟಾ ಮೊದಲು ಪುಕ್ಕಟೆ, ಆಮೇಲೆ ಅಗ್ಗ. ಅದಾಗಿ ಎರಡು ವರ್ಷದೊಳಗೆ, 2018ರ ಜುಲೈನಲ್ಲಿ ಬೀದರ್ ಜಿಲ್ಲೆಯಲ್ಲಿ ನಡೆದದ್ದು ನನಗೆ ಈಗಲೂ ನಿದ್ದೆ ಕೆಡಿಸುತ್ತದೆ. ಹೈದರಾಬಾದ್ ಕಡೆಯಿಂದ ಕಾರಿನಲ್ಲಿ ಬಂದ ಗೆಳೆಯರು ಔರಾದ್ ತಾಲ್ಲೂಕಿನಲ್ಲಿ ದಾರಿಯಲ್ಲಿ ಸಿಕ್ಕ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಯಾರಿಗೋ ಅನುಮಾನ ಬಂತು, ಮಕ್ಕಳ ಕಳ್ಳರು ಅಂತ. ಜಗಳ ಆಯಿತು, ಅವರು ಕಾರು ಹತ್ತಿ ಹೊರಟರು. ಕಾರು ಮುರ್ಕಿ ಗ್ರಾಮ ಮುಟ್ಟುವ ಮೊದಲೇ ಅವರ ವಿಡಿಯೊ ವಾಟ್ಸ್ಯಾಪ್‌ನಲ್ಲಿ ಅಲ್ಲಿ ಮುಟ್ಟಿತ್ತು. ಜನ ರಸ್ತೆಗೆ ಅಡ್ಡ ಹಾಕಿ ಕಾಯುತ್ತಿದ್ದರು. ಒಬ್ಬ ಯುವ ಎಂಜಿನಿಯರ್ ಸತ್ತ, ಬಿಡಿಸಲು ಹೋದ ಪೊಲೀಸರಿಗೂ ಪೆಟ್ಟು ಬಿತ್ತು. ಸುದ್ದಿ ಕಾರಿಗಿಂತ ಜೋರಾಗಿ ಓಡಿತು. ನನ್ನ ಮೇಜಿನ ಮೇಲಿದ್ದ ಮೊಳೆ ಆ ರಸ್ತೆಯಲ್ಲಿ ಎಲ್ಲಿ ನಿಲ್ಲಬೇಕಿತ್ತು, ಹೇಳಿ.

ಆ ಸಮಯದಲ್ಲಿ ದೇಶದ ತುಂಬಾ ಓಡಾಡುತ್ತಿದ್ದ ಒಂದು ವಿಡಿಯೊದಲ್ಲಿ ಬೈಕಿನಲ್ಲಿ ಬಂದ ಇಬ್ಬರು ರಸ್ತೆಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅದು ಕರಾಚಿಯ ಒಂದು ಸಂಸ್ಥೆ ಮಕ್ಕಳ ಸುರಕ್ಷತೆಗಾಗಿ ಮಾಡಿಸಿದ್ದ ಜಾಹೀರಾತು. ಅಸಲಿ ವಿಡಿಯೊದ ಕೊನೆಯಲ್ಲಿ ಅವರೇ ವಾಪಸ್ ಬಂದು ಮಗುವನ್ನು ಬಿಟ್ಟು, ಎಚ್ಚರಿಕೆಯ ಫಲಕ ಎತ್ತಿ ತೋರಿಸುತ್ತಾರೆ. ಯಾರೋ ಆ ಕೊನೇ ಭಾಗ ಕತ್ತರಿಸಿದ್ದರು. ಅಷ್ಟೇ ಕೆಲಸ. ಅದೇ ತಿಂಗಳು ವಾಟ್ಸ್ಯಾಪ್ ಭಾರತದಲ್ಲಿ ಒಂದು ಸಲಕ್ಕೆ ಐದು ಜನಕ್ಕೆ ಅಥವಾ ಗುಂಪಿಗೆ ಮಾತ್ರ ಫಾರ್ವರ್ಡ್ ಅಂತ ಮಾಡಿತು. 2020ರ ಏಪ್ರಿಲ್‌ನಿಂದ, ಬಹಳ ಸಲ ಫಾರ್ವರ್ಡ್ ಆದದ್ದನ್ನು ಒಂದು ಸಲಕ್ಕೆ ಒಂದೇ ಕಡೆ ಕಳಿಸಬಹುದು. ಅಂಥ ಮೆಸೇಜ್ ಮೇಲೆ ಎರಡು ಬಾಣದ ಗುರುತು ಇರುತ್ತದೆ, ಅಪ್ಪನಿಗೆ ತೋರಿಸಿಕೊಡಿ. ಎರಡು ಬಾಣ ಇದ್ದರೆ ಅದು ನಮ್ಮ ಪರಿಚಯದವರು ಬರೆದದ್ದಲ್ಲ, ಊರೂರು ಸುತ್ತಿ ಬಂದದ್ದು.

ವೇಗದ ಮಾತನ್ನು ಎಲ್ಲರೂ ಆಡುತ್ತಾರೆ. ನನಗೆ ವೇಗಕ್ಕಿಂತ ದೊಡ್ಡದು ಅನಿಸುವುದು ಬೇರೆ. ಪೇಪರನ್ನು ನಿಮ್ಮ ಅಪ್ಪ ಅನುಮಾನಿಸಬಹುದಿತ್ತು. "ಪೇಪರ್‌ನವರು ಏನ್ ಬೇಕಾದ್ರೂ ಬರೀತಾರೆ ಬಿಡೋ" ಅಂತ ಅಂಗಡಿ ಕಟ್ಟೆಯಲ್ಲಿ ಕೂತು ನಮ್ಮನ್ನು ಬೈಯುವುದು ಒಂದು ಸುಖ. ನಾವು ದೂರದವರು, ಬೆಂಗಳೂರಿನವರು, ಬೈಸಿಕೊಳ್ಳುವುದಕ್ಕೇ ಇದ್ದವರು. ಈಗ ಅದೇ ಸುದ್ದಿ ಭಾವನ ಕೈಯಿಂದ ಬರುತ್ತದೆ. ಮಗಳ ಗಂಡ ಕಳಿಸುತ್ತಾನೆ, ರಿಟೈರ್ಡ್ ಹೆಡ್‌ಮಾಸ್ಟರ್ ಕಳಿಸುತ್ತಾರೆ. ಅದನ್ನು ಸುಳ್ಳು ಅನ್ನಬೇಕಾದರೆ ಭಾವನನ್ನು ಸುಳ್ಳ ಅಂದ ಹಾಗೆ. ನಮ್ಮ ಕಡೆ ಯಾರು ಅನ್ನುತ್ತಾರೆ? ಮದುವೆ ಮುಂಜಿಗೆ ಮುಖ ನೋಡಬೇಕಲ್ಲ. ಅದಕ್ಕೇ ಕೈ ಮುಗಿದ ಚಿತ್ರ ಒಂದು ಹಾಕಿ ಸುಮ್ಮನಾಗುತ್ತೇವೆ, ಅವರು ಅದನ್ನು ಒಪ್ಪಿಗೆ ಅಂದುಕೊಳ್ಳುತ್ತಾರೆ. ಆ ದೆವ್ವ ಬಾಗಿಲಲ್ಲಿ ನಿಂತು ಮನೆಯವರ ದನಿಯಲ್ಲಿ ಕರೆಯುತ್ತಿತ್ತು ಅಂದೆನಲ್ಲ, ಹೆಚ್ಚುಕಡಿಮೆ ಇದೇ ಉಪಾಯ.

ಇನ್ನು ಟಿವಿ. 1994ರಲ್ಲಿ ಉದಯ ಟಿವಿ ಬಂದಾಗ ಕನ್ನಡದಲ್ಲಿ ಇನ್ನೊಂದು ಚಾನೆಲ್ ಅಂತ ಖುಷಿಪಟ್ಟವರು ನಾವು. 2006ರ ಕೊನೆಯಲ್ಲಿ ಟಿವಿ9 ಶುರುವಾದ ಮೇಲೆ ದಿನದ 24 ಗಂಟೆ ನ್ಯೂಸ್ ಅನ್ನುವುದು ನಮ್ಮ ಹಜಾರಕ್ಕೆ ಬಂದು ಕೂತಿತು. 24 ಗಂಟೆ ತುಂಬಿಸುವಷ್ಟು ಸುದ್ದಿ ಯಾವ ರಾಜ್ಯದಲ್ಲೂ ನಡೆಯುವುದಿಲ್ಲ, ಹಾಗಾಗಿ ಒಂದನ್ನೇ ಹಿಂಡಬೇಕು. ಯಾವುದನ್ನು ಹಿಂಡಬೇಕು ಅಂತ ಹೇಳುವುದು ಟಿಆರ್‌ಪಿ, ಅಂದರೆ ಯಾವ ಚಾನೆಲನ್ನು ಎಷ್ಟು ಜನ ನೋಡುತ್ತಾರೆ ಅನ್ನುವ ರೇಟಿಂಗ್. 2020ರಲ್ಲಿ ಟಿಆರ್‌ಪಿ ತಿರುಚಿದರು ಅಂತ ಗಲಾಟೆ ಆದಾಗ ದೇಶಕ್ಕೆಲ್ಲ ಸೇರಿ ಅದನ್ನು ಅಳೆಯುವ ಮೀಟರ್ ಇದ್ದದ್ದು ಸುಮಾರು 44 ಸಾವಿರ ಮನೆಗಳಲ್ಲಿ. ಆ ಮನೆಗಳವರು ರಿಮೋಟ್ ಒತ್ತದಂತೆ ತಡೆಯಬೇಕು, ಅದಕ್ಕೆ ಭಯ ಸುಲಭ, ಸಿಟ್ಟು ಇನ್ನೂ ಸುಲಭ. ಇದನ್ನು ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಹಾಸನಕ್ಕೆ ಬರೋಣ, ಅಪ್ಪನ ಭಯ ಶುರುವಾದದ್ದು ಅಲ್ಲಿಂದ ಅಲ್ವಾ. 2025ರ ಮೇ ಕೊನೆಯಿಂದ ಜೂನ್ ಮುಗಿಯುವವರೆಗೆ, ಸುಮಾರು 40 ದಿನದಲ್ಲಿ, ಜಿಲ್ಲೆಯಲ್ಲಿ 20ಕ್ಕೂ ಜಾಸ್ತಿ ಜನ ಹೃದಯಾಘಾತದಿಂದ ತೀರಿಕೊಂಡರು ಅಂತ ವರದಿ. ಅದರಲ್ಲಿ ಕೆಲವರು ತೀರಾ ಚಿಕ್ಕ ವಯಸ್ಸಿನವರು. ಆ ಮನೆಗಳ ದುಃಖ ನಿಜ, ಅದರಲ್ಲಿ ಎರಡು ಮಾತಿಲ್ಲ. ಆದರೆ ಪರದೆಯ ಮೇಲೆ ಅದು ಲೆಕ್ಕ ಆಗಿಬಿಟ್ಟಿತು. ಇವತ್ತು ಇಪ್ಪತ್ತು, ಇವತ್ತು ಇಪ್ಪತ್ತೊಂದು. ಲೆಕ್ಕ ಏರುತ್ತಿದೆ ಅಂದ ಕೂಡಲೇ ಯಾವುದೋ ಒಂದು ಶಕ್ತಿ ಅದನ್ನು ಏರಿಸುತ್ತಿದೆ ಅಂತ ಮನಸ್ಸಿಗೆ ಅನಿಸುತ್ತದೆ. ಜುಲೈ 1ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರೇ ಕೋವಿಡ್ ಲಸಿಕೆಗೆ ಅವಸರದಲ್ಲಿ ಒಪ್ಪಿಗೆ ಕೊಟ್ಟದ್ದೂ ಕಾರಣ ಇರಬಹುದು ಅಂತ ಬರೆದರು. ಐಸಿಎಂಆರ್ (ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ) ಮತ್ತು ಏಮ್ಸ್ ಆಸ್ಪತ್ರೆಯ ಅಧ್ಯಯನಗಳಲ್ಲಿ ಅಂಥ ಸಂಬಂಧ ಕಂಡಿಲ್ಲ ಅಂತ ಮರುದಿನ ಕೇಂದ್ರ ಆರೋಗ್ಯ ಸಚಿವಾಲಯ ಅಂದಿತು. ಭಯದ ಜೊತೆ ರಾಜಕೀಯವೂ ಸೇರಿತು, ಅಲ್ಲಿಗೆ ಅಪ್ಪನಿಗೆ ಸಿಟ್ಟು ಮಾಡಿಕೊಳ್ಳಲು ಒಂದು ಮುಖ ಸಿಕ್ಕಿತು.

ಈಗ ಒಂದು ಸಣ್ಣ ಲೆಕ್ಕ ಮಾಡಿ. ಆ ದಿನಗಳಲ್ಲಿ ನಾನು ಬಿಲ್ಲಿನ ಹಿಂಭಾಗದಲ್ಲಿ ಪೆನ್ನಿನಲ್ಲಿ ಮಾಡಿದ್ದು. ಹಾಸನ ಜಿಲ್ಲೆಯ ಜನಸಂಖ್ಯೆ 2011ರ ಜನಗಣತಿಯಲ್ಲಿ ಸುಮಾರು 17.76 ಲಕ್ಷ. ನಮ್ಮ ರಾಜ್ಯದಲ್ಲಿ ವರ್ಷಕ್ಕೆ ಸಾವಿರ ಜನರಲ್ಲಿ ಹೆಚ್ಚುಕಡಿಮೆ ಆರೇಳು ಜನ ಯಾವುದೋ ಕಾರಣಕ್ಕೆ ತೀರಿಕೊಳ್ಳುತ್ತಾರೆ. ಅಂದರೆ ಒಂದು ಜಿಲ್ಲೆಯಲ್ಲಿ 40 ದಿನಕ್ಕೆ ಸಾವಿರಕ್ಕೂ ಮೇಲೆ ಸಾವು. ದೇಶದಲ್ಲಿ ಆಗುವ ಸಾವುಗಳಲ್ಲಿ ಸುಮಾರು ನಾಲ್ಕನೇ ಒಂದು ಭಾಗ ಹೃದಯ ಮತ್ತು ರಕ್ತನಾಳದ ಕಾಯಿಲೆಗಳದ್ದು. ಹಾಗಾದರೆ ಯಾವ ಸುದ್ದಿಯೂ ಇಲ್ಲದ ಮಾಮೂಲಿ 40 ದಿನದಲ್ಲೂ ಹಾಸನದಂಥ ಜಿಲ್ಲೆಯಲ್ಲಿ ಮುನ್ನೂರರ ಆಸುಪಾಸು ಜನ ಇದೇ ಕಾರಣಕ್ಕೆ ಹೋಗಿರುತ್ತಾರೆ. ಇದು ಸಮಾಧಾನದ ಮಾತಲ್ಲ, ಇನ್ನೂ ಗಾಬರಿಯ ಮಾತು. ಆದರೆ ಇದು ಹೋದ ವರ್ಷವೂ ಇತ್ತು, ಅದರ ಹಿಂದಿನ ವರ್ಷವೂ ಇತ್ತು, ಯಾರೂ ಟಿವಿ ಪರದೆಯ ಮೂಲೆಯಲ್ಲಿ ನಂಬರ್ ಹಾಕಿರಲಿಲ್ಲ.

ಜಯದೇವ ಹೃದ್ರೋಗ ಸಂಸ್ಥೆಯ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ 24 ಸಾವುಗಳನ್ನು ಒಂದೊಂದಾಗಿ ನೋಡಿತು. ನಾಲ್ಕು ಸಾವುಗಳಿಗೆ ಹೃದಯ ಕಾರಣವೇ ಆಗಿರಲಿಲ್ಲ. ಉಳಿದವರಲ್ಲಿ ಹೆಚ್ಚಿನವರಿಗೆ ಬಿಪಿ, ಶುಗರ್, ಬೀಡಿ ಸಿಗರೇಟು ಇಂಥ ಹಳೇ ಕಾರಣಗಳಿದ್ದವು. ಜಿಲ್ಲೆಯಲ್ಲಿ ಹೃದಯಾಘಾತ ಏಕಾಏಕಿ ಏರಿದ್ದಕ್ಕೆ ಪುರಾವೆ ಸಿಗಲಿಲ್ಲ. ಈ ವರದಿ ಬಂದ ದಿನ ನಿಮ್ಮ ಅಪ್ಪ ಟಿವಿ ಮುಂದೆ ಇದ್ದರಾ ಕೇಳಿ. ಇದ್ದರೂ ನೆನಪಿರಲಿಕ್ಕಿಲ್ಲ, ಅದಕ್ಕೆ ಹಿನ್ನೆಲೆ ಸಂಗೀತ ಇರಲಿಲ್ಲ.

ಆ ಜುಲೈನಲ್ಲಿ ಗೆಳೆಯನ ಹಳೇ ಸ್ಟೆಂಟ್ ತೋರಿಸಲು ಮೈಸೂರಿನ ಜಯದೇವಕ್ಕೆ ಹೋಗಿದ್ದೆವು. ಬೆಳಗ್ಗೆಯೇ ಹೊರಗಿನವರೆಗೂ ಸಾಲು. ನಮ್ಮ ಮುಂದೆ ಒಬ್ಬ ಹುಡುಗ, ಇಪ್ಪತ್ತೈದು ಇರಬಹುದು, ಗೂಡ್ಸ್ ಗಾಡಿ ಓಡಿಸುತ್ತಾನಂತೆ. ಒಂದು ಕೈ ಎದೆ ಮೇಲೆ, ಇನ್ನೊಂದು ಕೈಯಲ್ಲಿ ಫೋನ್. ಫೋನಿನಲ್ಲಿ ಹೃದಯಾಘಾತದ್ದೇ ವಿಡಿಯೊ, ಒಂದು ಮುಗಿದರೆ ತಾನಾಗೇ ಇನ್ನೊಂದು, ಕೆಂಪು ಅಕ್ಷರ, ಅಳುವ ಹೆಂಗಸಿನ ಮುಖ, 'ಕೊನೇ ಕ್ಷಣ'. ಇಸಿಜಿ ಮಾಡಿಸಿಕೊಂಡು ಹೊರಗೆ ಬಂದ, ನಾರ್ಮಲ್ ಇತ್ತು. ಚೀಟಿ ಮಡಚಿ ಜೇಬಿಗಿಟ್ಟುಕೊಂಡು ನನ್ನ ಗೆಳೆಯನಿಗೆ ಹೇಳಿದ: "ನಾರ್ಮಲ್ ಬಂದವ್ರೂ ಹೋಗ್ತವ್ರಂತೆ ಅಣ್ಣ." ಸಾಲಿನ ಕೊನೆಯಲ್ಲಿ ನಿಜವಾಗಿಯೂ ಎದೆ ನೋವಿದ್ದ ಒಬ್ಬ ಮುದುಕಪ್ಪ ಗೋಡೆಗೆ ಒರಗಿ ನಿಂತಿದ್ದರು. ಸೆಕ್ಯುರಿಟಿಯವನು ಗುರುತಿಸಿ ಒಳಗೆ ಕರೆದುಕೊಂಡು ಹೋದ.

ಇನ್ನೊಂದು ಕಡೆಯದನ್ನೂ ಹೇಳಿಬಿಡುತ್ತೇನೆ, ಇಲ್ಲಾಂದ್ರೆ ನಾನು ಬರೀ ಗೊಣಗುವ ಮುದುಕನ ಹಾಗೆ ಕಾಣುತ್ತೇನೆ. 2006ರ ಏಪ್ರಿಲ್ 12ರಂದು ಡಾ. ರಾಜ್‌ಕುಮಾರ್ ತೀರಿಕೊಂಡಾಗ ಬೆಂಗಳೂರಿನಲ್ಲಿ ಏನಾಯಿತು ಅಂತ ನನ್ನ ವಯಸ್ಸಿನವರಿಗೆ ಗೊತ್ತು. ಪಾರ್ಥಿವ ಶರೀರ ಎಲ್ಲಿಟ್ಟಿದ್ದಾರೆ, ಯಾವಾಗ ನೋಡಬಹುದು, ಯಾವ ದಾರಿಯಲ್ಲಿ ತರುತ್ತಾರೆ, ಸರಿಯಾಗಿ ಹೇಳುವವರೇ ಇರಲಿಲ್ಲ. ದುಃಖ ಬೆಂಕಿಯಾಯಿತು, ಜೀವಗಳು ಹೋದವು. 2021ರ ಅಕ್ಟೋಬರ್ 29ರಂದು ಪುನೀತ್ ಹೋದಾಗ ದುಃಖ ಅಷ್ಟೇ ದೊಡ್ಡದು, ಫೋನ್ ಎಲ್ಲರ ಕೈಯಲ್ಲೂ ಇತ್ತು. ಆದರೆ ಕಂಠೀರವ ಸ್ಟೇಡಿಯಂನಲ್ಲಿ ದರ್ಶನ ಅಂತ ಎಲ್ಲರಿಗೂ ಗೊತ್ತಾಯಿತು, ಬರಲಾಗದವರು ಲೈವ್ ನೋಡಿ ಅತ್ತರು. ಲಕ್ಷಾಂತರ ಜನ ಸಾಲಿನಲ್ಲಿ ಬಂದು ಹೋದರು, ಊರು ಬಹುಪಾಲು ಶಾಂತವಾಗಿತ್ತು. ಪೊಲೀಸರ ತಯಾರಿ ಚೆನ್ನಾಗಿತ್ತು, ಮನೆಯವರು ಕೈ ಮುಗಿದು ಕೇಳಿಕೊಂಡಿದ್ದರು, ಮಾಹಿತಿ ಒಂದರಿಂದಲೇ ಆಗಿದ್ದಲ್ಲ. ಆದರೂ ಅವರ ಕಣ್ಣುದಾನದ ಸುದ್ದಿ ಅದೇ ಫೋನುಗಳಲ್ಲಿ ಓಡಿ, ಆಮೇಲೆ ಎಷ್ಟು ಜನ ಕಣ್ಣುದಾನಕ್ಕೆ ಹೆಸರು ಬರೆಸಿದರು ನೋಡಿ. ಅದೇ ದಾರಿಯಲ್ಲಿ ಭಯವೂ ಓಡಿತು, ಆ ವಾರವೂ ಜಯದೇವದ ಮುಂದೆ ಸಾಲು ಇತ್ತು.

ನಿಮ್ಮ ಅಪ್ಪನ ವಿಷಯ. ಫೋನ್ ಕಿತ್ತುಕೊಳ್ಳಬೇಡಿ, ಅವರಿಗದು ಸಂತೆ, ಕಟ್ಟೆ, ನೆಂಟರ ಮನೆ ಎಲ್ಲ. ಸುಳ್ಳು ಸುಳ್ಳು ಅಂತ ಎಲ್ಲರೆದುರು ಗುಂಪಿನಲ್ಲಿ ಲಿಂಕ್ ಹಾಕಿ ತಿದ್ದಬೇಡಿ. ನಾನು ನಮ್ಮ ಅಣ್ಣನಿಗೆ ಒಮ್ಮೆ ಹಾಗೆ ಮಾಡಿ ಆರು ತಿಂಗಳು ಮಾತು ಬಿಟ್ಟುಕೊಂಡಿದ್ದೇನೆ. ರಾತ್ರಿ ಫೋನ್ ಮಾಡಿದಾಗ, "ಅದು ಯಾರು ಕಳಿಸಿದ್ದಪ್ಪ? ಅವರಿಗೆ ಯಾರು ಕಳಿಸಿದ್ದಂತೆ?" ಅಂತ ಸುಮ್ನೆ ಕೇಳಿ. ಎರಡನೇ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ, ಅದು ಅವರಿಗೇ ಗೊತ್ತಾಗುತ್ತದೆ. ಡೆಸ್ಕ್‌ನಲ್ಲಿ ಮೂವತ್ತು ವರ್ಷ ನಾನು ಮಾಡಿದ್ದೂ ಇಷ್ಟೇ ಕೆಲಸ. ಪೇಪರ್ ನಿಲ್ಲಿಸಿದ್ದರೆ ಮತ್ತೆ ಹಾಕಿಸಿ, ಯಾವುದಾದರೂ ಸರಿ, ಬೈಯುವುದಕ್ಕಾದರೂ ಬೇಕಲ್ಲ.

ತಾಲ್ಲೂಕು ಆಸ್ಪತ್ರೆಯಲ್ಲಿ ಪುನೀತ್ ಹೆಸರಿನ ಹೃದಯ ಜ್ಯೋತಿ ಯೋಜನೆಯ ಬಗ್ಗೆ ವಿಚಾರಿಸಿ. ಇಸಿಜಿ ತೆಗೆದು, ದೊಡ್ಡ ಆಸ್ಪತ್ರೆಯವರಿಗೆ ಕಳಿಸಿ ಓದಿಸಿ, ಬೇಕಾದವರಿಗೆ ರಕ್ತ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ ಪುಕ್ಕಟೆ ಕೊಡುವ ಯೋಜನೆ ಅದು. ಹತ್ತಿರದ ಯಾವ ಆಸ್ಪತ್ರೆಯಲ್ಲಿ ಇದೆ ಅಂತ ತಿಳಿದಿಟ್ಟುಕೊಳ್ಳಿ.

ಮತ್ತೆ, ಇಷ್ಟುದ್ದ ಪ್ರಶ್ನೆ ಬರೆದಿದ್ದೀರಿ, ಅಪ್ಪನ ಬಿಪಿ ಎಷ್ಟಿದೆ ಅಂತ ಎಲ್ಲೂ ಬರೆದಿಲ್ಲ. ಈ ಭಾನುವಾರ ಊರಿಗೆ ಹೋದಾಗ ಒಮ್ಮೆ ನೋಡಿಸಿ.